ಪೇಟೆಂಟ್ ಎಣಿಸುವವರೂ ಎಣಿಕೆಗೆ ಸಿಗದವರೂ

ನಮ್ಮ ರಾಜ್ಯಕ್ಕೆ ಮೊದಲ ಸ್ಥಾನ ಬಂದಿದೆ. ಒಂದು ಸಲ ಅಲ್ಲ, ಮೂರು ಸಲ. ನೀತಿ ಆಯೋಗದವರು 2019ರಲ್ಲಿ ಇನ್ನೊವೇಶನ್ ಇಂಡೆಕ್ಸ್ ಅಂತ ಒಂದು ವರದಿ ಹೊರಡಿಸಿದರು. ಯಾವ ರಾಜ್ಯದಲ್ಲಿ ಹೊಸದನ್ನು ಕಂಡುಹಿಡಿಯುವ ಬುದ್ಧಿ ಎಷ್ಟಿದೆ ಅಂತ ಅಳೆಯುವ ಪಟ್ಟಿ ಅದು. ದೊಡ್ಡ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮೊದಲು. ಎರಡನೇ ವರದಿಯಲ್ಲೂ ಮೊದಲು. 2022ರ ಜುಲೈನಲ್ಲಿ ಬಂದ ಮೂರನೇ ವರದಿಯಲ್ಲೂ ಮೊದಲು. ರಾಜಧಾನಿ ಬೀಗಿತು. ನಾವೂ ಬೀಗಬೇಕಾಗಿತ್ತು.

ಆನೆಕೊಂಡದ ಒಂದು ಚಾದಂಗಡಿ ಮುಂದೆ ಕೂತು ನಾವು ನಾಲ್ಕು ಜನ ಆ ವರದಿಯನ್ನು ಓದಿದೆವು. ಒಬ್ಬರು ಹಳ್ಳಿ ಶಾಲೆಯ ಮೇಷ್ಟ್ರು. ಒಬ್ಬ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವವನು. ಒಬ್ಬಳು ಎಂ.ಎ. ಓದುತ್ತಿರುವವಳು. ಇನ್ನೊಬ್ಬರು ಪದ್ಯ ಬರೆಯೋ ಹುಚ್ಚಿನವರು. ನಾಲ್ಕೂ ಜನರ ಮನೆಯಲ್ಲಿ ಡಿಗ್ರಿ ಅನ್ನುವ ಶಬ್ದ ನಮ್ಮಿಂದಲೇ ಒಳಗೆ ಬಂದದ್ದು. ಪಕ್ಕದಲ್ಲಿ ಬೀಡಿ ಸೇದುತ್ತ ಕೂತಿದ್ದ ಅಜ್ಜ, ಹತ್ತಿ ಗಿರಣಿಯಲ್ಲಿ ಸವೆದ ಜೀವ, ಕೇಳಿತು: ‘ಅದ್ರಾಗ ನಮ್ಮ ಆನೆಕೊಂಡದ ಹೆಸರು ಐತೇನಪಾ?’ ಇಲ್ಲ ಅಂದೆವು. ‘ದಾವಣಗೆರೇದು?’ ಇದು ಊರಿನ ಲೆಕ್ಕ ಅಲ್ಲಜ್ಜ, ರಾಜ್ಯದ ಲೆಕ್ಕ ಅಂದೆವು. ಅಜ್ಜ ಹೊಗೆ ಬಿಟ್ಟು, ‘ಹಂಗಾರ ರಾಜ್ಯ ಅಂದ್ರ ಯಾರು?’ ಅಂತು.

ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ. ಕಥೆ, ಕವಿತೆ ವಿಮರ್ಶೆ ಮಾಡುವ ಪತ್ರಿಕೆಯಲ್ಲಿ ಸರ್ಕಾರಿ ವರದಿಯ ವಿಮರ್ಶೆ ಯಾಕೆ ಅಂತ ಕೆಲವು ಗೆಳೆಯರು ಕೇಳಬಹುದು. ವರದಿಯೂ ಒಂದು ಕೃತಿಯೇ. ಅದಕ್ಕೂ ಒಬ್ಬ ನಾಯಕ ಇರುತ್ತಾನೆ, ಅದರಲ್ಲೂ ಹೆಸರಿಲ್ಲದೆ ಹಿಂದೆ ನಿಲ್ಲುವ ಪಾತ್ರಗಳಿರುತ್ತವೆ. ಕಾದಂಬರಿಯಲ್ಲಿ ನಮ್ಮವರು ಹೇಗೆ ಬಂದಿದ್ದಾರೆ ಅಂತ ಕೇಳಿದ ಚಳವಳಿ, ಅಂಕಿಅಂಶದ ಪುಟದಲ್ಲಿ ನಮ್ಮವರು ಹೇಗೆ ಬಂದಿದ್ದಾರೆ ಅಂತ ಕೇಳದೆ ಇದ್ದರೆ ಅದು ಅರ್ಧ ಕೆಲಸ. ಯಾಕೆಂದರೆ ಕಾದಂಬರಿ ನೋಡಿ ಯಾರೂ ದುಡ್ಡು ಹಂಚುವುದಿಲ್ಲ. ಪಟ್ಟಿ ನೋಡಿ ಹಂಚುತ್ತಾರೆ.

ಈ ಸೂಚ್ಯಂಕದಲ್ಲಿ ಹಲವು ಅಳತೆಗಳಿವೆ. ಅದರಲ್ಲಿ ಮುಖ್ಯವಾದದ್ದು ಪೇಟೆಂಟ್. ಹತ್ತು ಲಕ್ಷ ಜನಕ್ಕೆ ಎಷ್ಟು ಪೇಟೆಂಟ್ ಅರ್ಜಿ ಬಿದ್ದವು ಅನ್ನೋದು. ಜಗತ್ತಿನಾದ್ಯಂತ ಇದೇ ರೂಢಿ. ಒಂದು ಸೀಮೆಯ ಬುದ್ಧಿ ಅಳೆಯಬೇಕಾದರೆ ಪೇಟೆಂಟ್ ಎಣಿಸು. ಎಣಿಸೋದು ಸುಲಭ, ಅದಕ್ಕೆ ನಂಬರ್ ಇರುತ್ತದೆ, ತಾರೀಖು ಇರುತ್ತದೆ, ವಿಳಾಸ ಇರುತ್ತದೆ. ಕತ್ತಲಲ್ಲಿ ಕಳೆದುಕೊಂಡ ಕಾಸನ್ನು ದೀಪದ ಕಂಬದ ಕೆಳಗೆ ಹುಡುಕಿದವನ ಕಥೆ ಎಲ್ಲರಿಗೂ ಗೊತ್ತು. ಯಾಕಯ್ಯ ಇಲ್ಲಿ ಹುಡುಕ್ತೀಯ ಅಂದರೆ, ಬೆಳಕು ಇರೋದು ಇಲ್ಲೇ ಅಲ್ವಾ ಅಂದನಂತೆ.

ನಾವೇನೂ ಹೊಸ ಅನುಮಾನ ಎತ್ತುತ್ತಿಲ್ಲ. ಪೇಟೆಂಟಿನ ಅಂಕಿಗಳ ಮೇಲೆ ಬದುಕಿಡೀ ಕೆಲಸ ಮಾಡಿದ ಅಮೆರಿಕದ ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಕಸ್ 1990ರಲ್ಲೇ ಒಪ್ಪಿಕೊಂಡಿದ್ದಾರೆ: ಎಲ್ಲ ಶೋಧನೆಗೂ ಪೇಟೆಂಟ್ ಸಿಕ್ಕೋದಿಲ್ಲ, ಸಿಕ್ಕಬಹುದಾದ ಎಲ್ಲದಕ್ಕೂ ಜನ ಅರ್ಜಿ ಹಾಕೋದಿಲ್ಲ, ಸಿಕ್ಕ ಪೇಟೆಂಟುಗಳೂ ಒಂದೇ ತೂಕದವಲ್ಲ. 1851ರಲ್ಲಿ ಲಂಡನ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಬ್ರಿಟನ್ನಿನವರು ಇಟ್ಟಿದ್ದ ವಸ್ತುಗಳಲ್ಲಿ ಪೇಟೆಂಟ್ ಪಡೆದದ್ದು ನೂರಕ್ಕೆ ಸುಮಾರು 11 ಮಾತ್ರ ಅಂತ ಪೆಟ್ರಾ ಮೋಸರ್ ಎಂಬ ವಿದ್ವಾಂಸೆ ಲೆಕ್ಕ ಹಾಕಿ ತೋರಿಸಿದ್ದಾರೆ. ಸ್ವಿಟ್ಜರ್ಲೆಂಡಿಗೆ 1888ರ ತನಕ ಪೇಟೆಂಟ್ ಕಾನೂನೇ ಇರಲಿಲ್ಲ. ಅಷ್ಟರೊಳಗೆ ಅವರ ಗಡಿಯಾರ ಜಗತ್ತಿನ ಜೇಬಿನಲ್ಲಿ ಟಿಕ್ ಟಿಕ್ ಅನ್ನುತ್ತಿತ್ತು. ಪೇಟೆಂಟ್ ಪಟ್ಟಿ ಹಿಡಿದು ಹೋಗಿದ್ದರೆ ಸ್ವಿಸ್ ಜನ ದಡ್ಡರು ಅಂತ ಬರೆಯಬೇಕಾಗಿತ್ತು.

ವಿದ್ವಾಂಸರಿಗೆ ಇದು ಅಳತೆಯ ದೋಷ. ನಮಗೆ ಅಷ್ಟೇ ಅಲ್ಲ. ದೋಷ ಅಂದರೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬೀಳಬೇಕು. ಇದು ಯಾವಾಗಲೂ ಒಂದೇ ಕಡೆ ಬೀಳುತ್ತದೆ.

ಅರ್ಜಿ ಹಾಕುವ ದಾರಿಯನ್ನೇ ನೋಡಿ. ದೇಶದಲ್ಲಿ ಪೇಟೆಂಟ್ ಕಚೇರಿಗಳು ನಾಲ್ಕು: ಕೊಲ್ಕತ್ತ, ದೆಹಲಿ, ಮುಂಬಯಿ, ಚೆನ್ನೈ. ಕರ್ನಾಟಕದ ಅರ್ಜಿ ಚೆನ್ನೈಗೆ ಹೋಗಬೇಕು. ಅರ್ಜಿ ಇಂಗ್ಲಿಷಿನಲ್ಲಿರಬೇಕು, ಇಲ್ಲ ಹಿಂದಿಯಲ್ಲಿರಬೇಕು. ಕನ್ನಡದಲ್ಲಿ ಯೋಚಿಸಬಹುದು, ಕನ್ನಡದಲ್ಲಿ ಕಂಡುಹಿಡಿಯಬಹುದು, ಕನ್ನಡದಲ್ಲಿ ಕೈ ಸುಟ್ಟುಕೊಳ್ಳಬಹುದು. ಅರ್ಜಿ ಮಾತ್ರ ಹಾಕುವ ಹಾಗಿಲ್ಲ. ಮೂರು ಸಲ ಮೊದಲು ಬಂದ ರಾಜ್ಯದ ಭಾಷೆಯ ಗತಿ ಇದು. ಒಬ್ಬ ಸಾಮಾನ್ಯ ಮನುಷ್ಯ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದರೆ ಶುಲ್ಕ 1,600 ರೂಪಾಯಿ. ಪರಿಶೀಲನೆ ಮಾಡಿ ಅಂತ ಕೇಳೋಕೆ ಮತ್ತೆ 4,000. ದೊಡ್ಡ ಕಂಪನಿಗೆ ಇದರ ಐದರಷ್ಟು ಹಾಕಿದ್ದಾರೆ, ಅದು ಸರಿಯೇ. ಆದರೆ ಕಾನೂನಿನ ಭಾಷೆಯಲ್ಲಿ ಬರೆದುಕೊಡುವ ಏಜೆಂಟರ ಫೀಜಿನ ಮುಂದೆ ಈ ಶುಲ್ಕ ಏನೇನೂ ಅಲ್ಲ. ದಿನಗೂಲಿಯ ಮನೆಯಲ್ಲಿ ಈ ದುಡ್ಡು ಎಷ್ಟು ತಿಂಗಳ ರೇಷನ್ನು ಅಂತ ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಇನ್ನು ಕಾನೂನು. ನಮ್ಮ ಪೇಟೆಂಟ್ ಕಾನೂನು 1970ರದು, ಜಾರಿಗೆ ಬಂದದ್ದು 1972ರಲ್ಲಿ. ಶೋಧನೆ ಹೊಸದಾಗಿರಬೇಕು, ಉದ್ಯಮಕ್ಕೆ ಬರಬೇಕು, ಅದರ ಜೊತೆಗೆ ಆ ಕಸುಬು ಬಲ್ಲ ವ್ಯಕ್ತಿಗೆ ಸುಲಭಕ್ಕೆ ಹೊಳೆಯುವಂಥದ್ದು ಆಗಿರಬಾರದು ಅನ್ನುತ್ತದೆ. ಈ ‘ಕಸುಬು ಬಲ್ಲ ವ್ಯಕ್ತಿ’ ಯಾರು? ಕಾನೂನಿನಲ್ಲಿ ಅವನೊಬ್ಬ ಕಲ್ಪನೆಯ ಮನುಷ್ಯ. ಅವನಿಗೆ ಹೆಸರಿಲ್ಲ, ಊರಿಲ್ಲ. ಎದುರಿಗಿರುವ ಶೋಧನೆ ದೊಡ್ಡದೋ ಸಣ್ಣದೋ ಅಂತ ನೋಡಲು ಅವನನ್ನು ಅಳತೆಗೋಲಿನ ಹಾಗೆ ನಿಲ್ಲಿಸುತ್ತಾರೆ. ಅವನನ್ನು ಯಾರೂ ಮಾತಾಡಿಸುವುದಿಲ್ಲ.

ನಾವು ಅವನನ್ನು ನೋಡಿದ್ದೇವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ನೋಡಿದ್ದೇವೆ. ಬೆಣ್ಣೆ ದೋಸೆ ತಿನ್ನೋಕೆ ಊರಿಗೆ ಬರುವವರು ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದು ಹೋಗುತ್ತಾರೆ. ಆ ಮಂಡಕ್ಕಿ ಅರಳುವ ಜಾಗಕ್ಕೆ ಹೋಗುವುದಿಲ್ಲ. ನೆಲ್ಲು ನೆನೆಸಬೇಕು, ಕಾಯಿಸಬೇಕು, ಒಣಗಿಸಬೇಕು, ಅಕ್ಕಿ ಮಾಡಬೇಕು, ಉಪ್ಪುನೀರು ಹಿಡಿಸಬೇಕು, ಕಾದ ಮರಳಲ್ಲಿ ಹುರಿಯಬೇಕು, ಜರಡಿ ಹಿಡಿದು ಮರಳು ಬೇರೆ ಮಾಡಬೇಕು. ಒಲೆಯ ಮುಂದೆ ನಿಂತ ಹೆಣ್ಣುಮಗಳು ಒಂದು ಚಿಟಿಕೆ ಅಕ್ಕಿ ಎಸೆದು, ಅದು ಅರಳುವ ಸದ್ದು ಕೇಳಿ ಮರಳಿನ ಕಾವು ಹೇಳುತ್ತಾಳೆ. ಈ ವರ್ಷದ ನೆಲ್ಲಿನ ತೇವ ಬೇರೆ, ಹೋದ ವರ್ಷದ್ದು ಬೇರೆ. ಮಳೆಗಾಲದ ಉಪ್ಪುನೀರಿನ ಹದ ಬೇರೆ, ಬೇಸಿಗೆಯದು ಬೇರೆ. ದಿನಾ ಒಂದು ಪ್ರಯೋಗ. ತಪ್ಪಿದರೆ ಹುಂಡಿ ಮಂಡಕ್ಕಿ ಕರಿಕಲು, ಕೂಲಿ ಕಡಿತ. ಇದಕ್ಕೆ ಏನು ಹೆಸರು? ಕಾಲೇಜಿನಲ್ಲಿ ಮಾಡಿದರೆ ಸಂಶೋಧನೆ. ಭಟ್ಟಿಯಲ್ಲಿ ಮಾಡಿದರೆ ಅಭ್ಯಾಸ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಭಟ್ಟಿಯನ್ನು ಹೊಗಳಿ ಹಾಡು ಕಟ್ಟುವುದು ನಮ್ಮ ಉದ್ದೇಶ ಅಲ್ಲ. ಆ ಹೊಗೆಯಲ್ಲಿ ಎದೆ ಕೆಟ್ಟವರು ನಮ್ಮ ಮನೆಯವರು. ಶಾಲೆಗೆ ಹೋಗಬೇಕಾದ ಮಕ್ಕಳು ಅಲ್ಲಿ ಜರಡಿ ಹಿಡಿದಿದ್ದಾರೆ. ‘ಜಾನಪದ ಜ್ಞಾನ’ ಅಂತ ಹಾರ ಹಾಕಿ ಅವರನ್ನು ಅಲ್ಲೇ ಕೂರಿಸುವುದು ಇನ್ನೊಂದು ಮೋಸ. ನಮಗೆ ಬೇಕಾದದ್ದು ಹಾರ ಅಲ್ಲ. ಆ ಕೈಗೆ ಬುದ್ಧಿ ಇದೆ ಅಂತ ಒಪ್ಪುವುದು, ಆ ಬುದ್ಧಿ ಹೊಗೆಯಿಂದ ಹೊರಗೆ ಬರುವ ದಾರಿ ಮಾಡುವುದು.

ಕೈ ಬೇರೆ, ಬುದ್ಧಿ ಬೇರೆ ಅಂತ ಮಾಡಿದ್ದು ಪೇಟೆಂಟ್ ಕಾನೂನು ಅಲ್ಲ. ಅದಕ್ಕಿಂತ ಹಳೆಯ ಕಾನೂನು ನಮ್ಮಲ್ಲಿತ್ತು. ಚರ್ಮ ಹದ ಮಾಡಿದವನಿಗೆ ರಸಾಯನಶಾಸ್ತ್ರ ಗೊತ್ತಿತ್ತು, ಅವನನ್ನು ಊರ ಹೊರಗೆ ಇಟ್ಟರು. ಕಬ್ಬಿಣ ಕಾಯಿಸಿದವನಿಗೆ ಲೋಹವಿದ್ಯೆ ಗೊತ್ತಿತ್ತು, ಅವನಿಗೆ ಅಕ್ಷರ ಕೊಡಲಿಲ್ಲ. ಜಾತಿ ಕೆಲಸವನ್ನಷ್ಟೇ ಹಂಚಲಿಲ್ಲ, ಕೆಲಸ ಮಾಡುವವರನ್ನೇ ಒಡೆದು ಒಬ್ಬರ ತಲೆ ಮೇಲೆ ಒಬ್ಬರನ್ನು ಕೂರಿಸಿತು ಅನ್ನುವುದನ್ನು ಅಂಬೇಡ್ಕರ್ 1936ರಲ್ಲೇ ಬಿಡಿಸಿ ತೋರಿಸಿದರು. ಬರೆಯುವವನು ಮಾಡುವುದಿಲ್ಲ, ಮಾಡುವವನು ಬರೆಯುವುದಿಲ್ಲ. ಪೇಟೆಂಟ್ ಅಂದರೆ ಬರೆದದ್ದು. ಹಾಗಾಗಿ ಪೇಟೆಂಟ್ ಎಣಿಸುವುದು ಅಂದರೆ ಸಾವಿರ ವರ್ಷದಿಂದ ಯಾರ ಕೈಲಿ ಲೇಖನಿ ಇತ್ತು ಅಂತ ಎಣಿಸುವುದು. ಅದಕ್ಕೆ ಇನ್ನೊವೇಶನ್ ಅಂತ ಹೆಸರಿಟ್ಟರೆ ಸತ್ಯ ಬದಲಾಗುವುದಿಲ್ಲ.

ಈ ದೇಶದ ಮೊದಲ ಪೇಟೆಂಟಿನ ಕಥೆ ಗೊತ್ತೇ? 1856ರಲ್ಲಿ ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಇಂಜಿನಿಯರು ಅರ್ಜಿ ಹಾಕಿದ. ಅರ್ಜಿ ನಂಬರ್ 1. ಅವನು ಕಂಡುಹಿಡಿದದ್ದು ಪಂಕ ಎಳೆಯುವ ಯಂತ್ರ. ದೊರೆಗಳು ಮಲಗಿದಾಗ, ಉಣ್ಣುವಾಗ, ತೀರ್ಪು ಬರೆಯುವಾಗ ಹೊರಗೆ ಕೂತು ಹಗ್ಗ ಎಳೆಯುತ್ತಿದ್ದ ಪಂಕದ ಕೂಲಿಯ ಕೆಲಸ ಮಾಡುವ ಯಂತ್ರ. ಅಂದರೆ ಭಾರತದ ಪೇಟೆಂಟಿನ ಚರಿತ್ರೆ ಶುರುವಾಗುವುದೇ ಒಬ್ಬ ಕೂಲಿಯಿಂದ. ಆದರೆ ದಾಖಲೆಯಲ್ಲಿ ಕೂಲಿ ಇಲ್ಲ, ಅವನ ಹಗ್ಗ ಮಾತ್ರ ಇದೆ. ಹಗ್ಗ ಹೇಗೆ ಎಳೆದರೆ ಗಾಳಿ ಸಮನಾಗಿ ಬರುತ್ತದೆ ಅಂತ ರಾತ್ರಿಯೆಲ್ಲ ನಿದ್ದೆಗೆಟ್ಟು ಕಲಿತವನು ಅವನೇ ಅಲ್ಲವೇ?

ದೊರೆಗೆ ಗಾಳಿ ಬೇಕಾದಾಗ 1856ರಲ್ಲೇ ಯಂತ್ರದ ಯೋಚನೆ ಬಂತು. ಮ್ಯಾನ್‌ಹೋಲಿಗೆ ಇಳಿಯುವವನಿಗೆ? ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದವು. ಕೇರಳದ ಯುವ ಇಂಜಿನಿಯರುಗಳು ಮ್ಯಾನ್‌ಹೋಲ್ ಚೊಕ್ಕ ಮಾಡುವ ಬ್ಯಾಂಡಿಕೂಟ್ ಎಂಬ ಯಂತ್ರವನ್ನು ತಿರುವನಂತಪುರದಲ್ಲಿ ಇಳಿಸಿದ್ದು 2018ರಲ್ಲಿ. ಅವರಿಗೆ ನಮಸ್ಕಾರ. ಆದರೆ ಪ್ರಶ್ನೆ ಉಳಿಯಿತು: ಯಾವ ಕಷ್ಟವನ್ನು ಬಿಡಿಸಲು ಒಂದು ಸಮಾಜ ತಲೆ ಖರ್ಚು ಮಾಡುತ್ತದೆ, ಯಾವುದಕ್ಕೆ ಇನ್ನೊಬ್ಬರ ಜೀವ ಖರ್ಚು ಮಾಡುತ್ತದೆ? ಅಗ್ಗಕ್ಕೆ ಸಿಗುವ ಜೀವ ಇರುವ ತನಕ ಯಂತ್ರಕ್ಕೆ ಅವಸರ ಇರುವುದಿಲ್ಲ. ಇದನ್ನು ಅಳೆಯುವ ಸೂಚ್ಯಂಕ ಯಾವುದು?

ನಮ್ಮ ಹಾಗೇ ನೊಂದ ಜನ ಸಮುದ್ರದಾಚೆಯೂ ಇದ್ದಾರೆ. ಅಮೆರಿಕದ ಮಿಸಿಸಿಪ್ಪಿಯಲ್ಲಿ ಆಸ್ಕರ್ ಸ್ಟುವರ್ಟ್ ಎಂಬ ಜಮೀನ್ದಾರನ ಹತ್ತಿರ ನೆಡ್ ಎಂಬ ಗುಲಾಮ ಇದ್ದ. ಹತ್ತಿ ಸಾಲಿನಲ್ಲಿ ಕೆರೆಯುವ ಒಂದು ಹೊಸ ಉಪಕರಣ ಮಾಡಿದ. 1857ರಲ್ಲಿ ಒಡೆಯ ಅದಕ್ಕೆ ತನ್ನ ಹೆಸರಲ್ಲಿ ಪೇಟೆಂಟ್ ಕೇಳಿದ, ಗುಲಾಮ ನನ್ನವನಾದ ಮೇಲೆ ಅವನ ಬುದ್ಧಿಯೂ ನನ್ನದೇ ಅಂದ. ಸರ್ಕಾರದ ದೊಡ್ಡ ವಕೀಲರು 1858ರಲ್ಲಿ ತೀರ್ಮಾನ ಕೊಟ್ಟರು. ಶೋಧಕ ಪ್ರಮಾಣ ಮಾಡಬೇಕು. ಗುಲಾಮ ಪ್ರಜೆಯಲ್ಲ, ಆದ್ದರಿಂದ ಪ್ರಮಾಣ ಮಾಡಲಾರ. ಒಡೆಯ ಶೋಧಕನಲ್ಲ, ಆದ್ದರಿಂದ ಅವನೂ ಮಾಡಲಾರ. ಹಾಗಾಗಿ ಪೇಟೆಂಟ್ ಯಾರಿಗೂ ಇಲ್ಲ. ಆ ವರ್ಷದ ಮಿಸಿಸಿಪ್ಪಿಯ ಲೆಕ್ಕದಲ್ಲಿ ನೆಡ್‌ನ ಬುದ್ಧಿಗೆ ಸೊನ್ನೆ. ಹತ್ತಿಯ ಹೊಲದಲ್ಲಿ ಮಾತ್ರ ಉಪಕರಣ ಓಡಾಡುತ್ತಿತ್ತು.

ಗುಲಾಮಗಿರಿ ಹೋದ ಮೇಲೆ ಕಪ್ಪು ಜನ ಪೇಟೆಂಟ್ ತೆಗೆದುಕೊಳ್ಳತೊಡಗಿದರು. ಲೀಸಾ ಕುಕ್ ಎಂಬ ಅರ್ಥಶಾಸ್ತ್ರಜ್ಞೆ 1870ರಿಂದ 1940ರ ತನಕದ ಅಂಥ ಪೇಟೆಂಟುಗಳನ್ನು ಒಂದೊಂದಾಗಿ ಹುಡುಕಿ 2014ರಲ್ಲಿ ಪ್ರಕಟಿಸಿದರು. ಗುಂಪು ಕಟ್ಟಿ ಕೊಲ್ಲುವುದು, ಜನಾಂಗದ ಗಲಭೆ ಹೆಚ್ಚಾದಾಗ ಕಪ್ಪು ಜನರ ಪೇಟೆಂಟ್ ಇಳಿದವು ಅನ್ನುವುದು ಅವರು ಕಂಡದ್ದು. ಮನೆಗೆ ಬೆಂಕಿ ಬೀಳುವ ಭಯದಲ್ಲಿರುವವನು ಹೊಸದನ್ನು ಕಂಡುಹಿಡಿಯುತ್ತ ಕೂರುವುದಿಲ್ಲ. ಈಗ ನಮ್ಮ ಕಡೆ ನೋಡಿ. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಆ ಬೆಂಕಿ ಏಳು ಜನರನ್ನಷ್ಟೇ ಸುಟ್ಟಿತೇ? ಆ ಸುತ್ತಿನ ಕೇರಿಗಳ ಎಷ್ಟು ಮಕ್ಕಳ ತಲೆಯೊಳಗಿನ ಯೋಚನೆಯನ್ನು ಸುಟ್ಟಿತು? ಪೇಟೆಂಟ್ ಅರ್ಜಿಯಲ್ಲಿ ಜಾತಿ ಕೇಳುವುದಿಲ್ಲ. ಕೇಳದೆ ಇರುವುದು ಮರ್ಯಾದೆಯೇ. ಆದರೆ ಅದರಿಂದಾಗಿ ಆ ಪಟ್ಟಿಯಲ್ಲಿ ನಮ್ಮವರು ಎಷ್ಟು ಅಂತ ಕೇಳುವ ಬಾಯಿಗೂ ಬೀಗ ಬಿದ್ದಿದೆ.

ಹತ್ತಿಯ ಮಾತು ಬಂದ ಮೇಲೆ ನಮ್ಮ ಊರಿಗೆ ಬರಲೇಬೇಕು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ಇದು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿ ಶಾಸಕರಾಗಿದ್ದ ಊರು. ಈ ಸೀಮೆಯ ಹತ್ತಿಯಲ್ಲಿ ನಡೆದ ದೊಡ್ಡ ಶೋಧನೆ ಯಾವುದು? ವರಲಕ್ಷ್ಮಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ತೆಗೆದ ತಳಿ. ಅಂಥ ಎರಡು ಜಾತಿಯ ಸಂಕರವನ್ನು ರೈತರ ಹೊಲಕ್ಕೆ ತಂದದ್ದು ಜಗತ್ತಿನಲ್ಲೇ ಮೊದಲು. ಉದ್ದ ಎಳೆಯ ಹತ್ತಿ ನಮ್ಮ ಹೊಲದಲ್ಲೇ ಬೆಳೆಯಿತು. 1981ರಲ್ಲಿ ಅಲ್ಲಿಂದಲೇ ಜಯಲಕ್ಷ್ಮಿ ಅಂತ ಇನ್ನೊಂದು ತಳಿ ಬಂತು. ಇವಕ್ಕೆ ಎಷ್ಟು ಪೇಟೆಂಟ್? ಸೊನ್ನೆ. ನಮ್ಮ ಕಾನೂನಿನಲ್ಲಿ ಬೇಸಾಯದ ವಿಧಾನಕ್ಕೆ, ಸಸಿಗೆ, ಬೀಜಕ್ಕೆ ಪೇಟೆಂಟ್ ಇಲ್ಲ. ಇರಬಾರದು ಕೂಡ, ಆ ಕಾನೂನಿಗೆ ನಮ್ಮ ಬೆಂಬಲ ಇದೆ. ಆದರೆ ಪೇಟೆಂಟ್ ಎಣಿಸಿ ಬುದ್ಧಿ ಅಳೆಯುವವನ ಪಟ್ಟಿಯಲ್ಲಿ ವರಲಕ್ಷ್ಮಿ ಹುಟ್ಟಿಯೇ ಇಲ್ಲ. 2002ರಲ್ಲಿ ಬಿ.ಟಿ. ಹತ್ತಿ ಬಂತು. ಅದರೊಳಗೆ ಸೇರಿಸಿದ ಜೀನಿನ ಬಗ್ಗೆ ಮಾನ್ಸಾಂಟೊ ಕಂಪನಿಯ ಪೇಟೆಂಟ್ ಜಗಳ 2019ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅದು ಮಾತ್ರ ಪಟ್ಟಿಯಲ್ಲಿ ಇದೆ.

ವರಲಕ್ಷ್ಮಿಯಲ್ಲಿ ಇನ್ನೂ ಒಂದು ಒಳಪದರ ಇದೆ. ಸಂಕರ ಬೀಜ ತಾನಾಗಿ ಹುಟ್ಟುವುದಿಲ್ಲ. ಸಂಜೆ ಮೊಗ್ಗು ಹಿಡಿದು ಹೆಬ್ಬೆರಳ ಉಗುರಿನಿಂದ ಗಂಡು ಭಾಗವನ್ನು ಬಿಡಿಸಿ ತೆಗೆಯಬೇಕು, ಒಳಗಿನ ಹೆಣ್ಣು ಭಾಗಕ್ಕೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂ ತಂದು ಪರಾಗ ಸವರಬೇಕು. ಒಂದೊಂದು ಹೂವಿಗೂ ಹೀಗೆ. ಹೆಂಗಸರು, ಹುಡುಗಿಯರು ಬೆನ್ನು ಬಗ್ಗಿಸಿ ಮಾಡಿದ ಕೆಲಸ ಇದು. ಕಟರಕಿಯವರ ಬುದ್ಧಿ ಕರ್ನಾಟಕದ ಹೊಲ ಮುಟ್ಟಿದ್ದು ಆ ಉಗುರಿನ ಮೂಲಕ. ವಿಜ್ಞಾನಿಯ ಹೆಸರು ಒಂದು ಪುಸ್ತಕದಲ್ಲಾದರೂ ಇದೆ. ಉಗುರಿನ ಹೆಸರು?

ಇನ್ನು ವಿಳಾಸದ ಆಟ. ನಮ್ಮ ಪೇಟೆಂಟ್ ಕಚೇರಿ ರಾಜ್ಯವಾರು ಲೆಕ್ಕ ಕೊಡುವುದು ಅರ್ಜಿದಾರನ ವಿಳಾಸ ಹಿಡಿದು. ಅರ್ಜಿದಾರ ಅಂದರೆ ಬಹಳ ಸಲ ಕಂಪನಿ. ಕಂಪನಿಯ ವಿಳಾಸ ಅಂದರೆ ಅದರ ದೊಡ್ಡ ಕಚೇರಿ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಿಂದ ರೇಯಾನ್ ತಿರುಳಿನ ಕಾರ್ಖಾನೆ ಇದೆ. ಮರ ನಮ್ಮ ಕಡೆಯದು, ನೀರು ತುಂಗಭದ್ರೆಯದು, ದುಡಿದವರು ಸುತ್ತಿನ ಹಳ್ಳಿಯವರು. ಕಂಪನಿಯ ನೋಂದಣಿ ಕಚೇರಿ ಮಧ್ಯಪ್ರದೇಶದ ನಾಗದಾದಲ್ಲಿ. ನಾಳೆ ಆ ಕಾರ್ಖಾನೆಯ ಹಳ್ಳಿ ಹುಡುಗನೊಬ್ಬ ಏನಾದರೂ ಕಂಡುಹಿಡಿದರೂ ಲೆಕ್ಕ ಹರಿಹರಕ್ಕೆ ಬೀಳುವುದಿಲ್ಲ. ಹೊಳೆ ನಮ್ಮದು, ವಿಳಾಸ ಇನ್ನೆಲ್ಲಿಯದೋ. ಜಿಲ್ಲೆಯ ಬುದ್ಧಿ ಅಳೆಯಬೇಕಾದರೆ ಕಂಡುಹಿಡಿದವನು ಎಲ್ಲಿ ಬದುಕುತ್ತಾನೆ ಅಂತ ನೋಡಬೇಕು ಅನ್ನುವುದು ಈ ಅಳತೆಯ ಪಂಡಿತರಿಗೂ ಗೊತ್ತಿದೆ. ಗೊತ್ತಿದ್ದೂ ಸುಲಭದ ದಾರಿ ಹಿಡಿಯುತ್ತಾರೆ.

ಅದೇ ಹೊಳೆಯ ದಂಡೆಯ ಜನ ಒಂದು ಶೋಧನೆ ಮಾಡಿದರು. ಕಾರ್ಖಾನೆಗೆ ಮರ ಒದಗಿಸಲು 1984ರಲ್ಲಿ ಸರ್ಕಾರವೂ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನುವ ಕಂಪನಿ ಮಾಡಿದರು. ಊರಿನ ದನ ಮೇಯುವ ನೆಲ, ಬಡವರು ಸೌದೆ ಆಯುವ ನೆಲ ಸೇರಿ 75,000 ಎಕರೆ ನೀಲಗಿರಿಗೆ ಹೊರಟಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಜೊತೆ ಜನ ಸೇರಿ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಅಂತ ಅದಕ್ಕೆ ಹೆಸರು. 1991ರ ಹೊತ್ತಿಗೆ ಆ ಕಂಪನಿ ಮುಚ್ಚಿತು. ನೆಲ ಉಳಿಸಿಕೊಳ್ಳುವ ಹೊಸ ವಿಧಾನ, ಉಪಯೋಗಕ್ಕೆ ಬಂದದ್ದು, ಪಂಡಿತರಿಗೆ ಸುಲಭಕ್ಕೆ ಹೊಳೆಯದೆ ಇದ್ದದ್ದು. ಇನ್ನೊವೇಶನ್ ಅಂದರೆ ಇನ್ನೇನು? ಯಾರಾದರೂ ಎಣಿಸಿದರೇ?

ಇಷ್ಟೆಲ್ಲ ಬರೆದ ಮೇಲೆ ನಮ್ಮ ಕಡೆಗೂ ಬೆರಳು ತೋರಿಸಬೇಕು. ಇಲ್ಲದಿದ್ದರೆ ಈ ಬರಹ ಬರೀ ಸಿಟ್ಟು.

ನಮ್ಮ ಗೆಳೆಯನ ತಾಯಿ ಭಟ್ಟಿಯಲ್ಲಿ ಜರಡಿ ಹಿಡಿಯುವವರು. ಮರಳಿನ ಧೂಳು ಮುಖಕ್ಕೆ ಹೊಡೆಯದ ಹಾಗೆ ಜರಡಿಯನ್ನು ಓರೆಗೆ ಕಟ್ಟಿ, ಹಳೆ ಸೈಕಲ್ಲಿನ ಟ್ಯೂಬು ಬಿಗಿದು, ಕಾಲಿನಲ್ಲಿ ಒದ್ದರೆ ತಾನೇ ಅಲ್ಲಾಡುವ ಹಾಗೆ ಅವರು ಮಾಡಿಕೊಂಡಿದ್ದರು. ಗೆಳೆಯ ಅದನ್ನೇ ಕಾಲೇಜಿನ ಪ್ರಾಜೆಕ್ಟ್ ಮಾಡಿದ. ಕಾಲೇಜಿನವರು ಪೇಟೆಂಟಿಗೆ ಅರ್ಜಿ ಹಾಕಿದರು. ಮೊದಲ ಐದು ಹೆಸರು ಮೇಷ್ಟ್ರುಗಳದು, ಆರನೆಯದು ಗೆಳೆಯನದು. ತಾಯಿಯ ಹೆಸರು ಇಲ್ಲ. ಆ ಅರ್ಜಿಯ ಇಂಗ್ಲಿಷ್ ತಿದ್ದಿಕೊಟ್ಟವರು ಯಾರು? ನಾವೇ. ‘ಹಳೆ ಟ್ಯೂಬು’ ಅನ್ನುವುದನ್ನು ‘ಸ್ಥಿತಿಸ್ಥಾಪಕ ಅಂಗ’ ಅನ್ನುವ ಅರ್ಥದ ಇಂಗ್ಲಿಷಿಗೆ ತಿರುಗಿಸಿದವರು ನಾವೇ. ಆ ಹೊತ್ತಿಗೆ ನಮಗೆ ಹೆಮ್ಮೆಯಾಗಿತ್ತು. ಅರ್ಜಿ ಪ್ರಕಟವಾಯಿತು. ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ಗೋಡೆ ಸೇರಿತು. ಭಟ್ಟಿಗೆ ಒಂದು ಜರಡಿಯೂ ಬರಲಿಲ್ಲ. ಆ ತಾಯಿ ಈಗಲೂ ಹಳೆ ಟ್ಯೂಬನ್ನೇ ಬದಲಿಸಿ ಕಟ್ಟಿಕೊಳ್ಳುತ್ತಾರೆ. ಒಂದು ದಿನ ಕೇಳಿದರು: ‘ನಂದೇನೋ ಪೇಪರ್‌ನ್ಯಾಗ ಬಂತಂತಲ್ಲಪಾ, ಅದ್ರಾಗ ನನ್ನ ಹೆಸರು ಹೆಂಗ ಬರದೀರಿ?’ ನಾಲ್ಕು ಜನ ಪದವೀಧರರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ.

ವಿದ್ಯಾರ್ಥಿ ಗೆಳೆಯರಿಗೆ ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಅರ್ಜಿ ಬೇರೆ, ಪ್ರಕಟಣೆ ಬೇರೆ, ಮಂಜೂರಾತಿ ಬೇರೆ. ಅರ್ಜಿ ಹಾಕಿದ 18 ತಿಂಗಳಿಗೆ ಅದು ಸಾಮಾನ್ಯವಾಗಿ ತಾನಾಗಿಯೇ ಪ್ರಕಟವಾಗುತ್ತದೆ, ಶುಲ್ಕ ಕಟ್ಟಿದರೆ ಇನ್ನೂ ಬೇಗ. ಆಗ ಯಾರೂ ಅದು ಹೊಸದೋ ಹಳೆಯದೋ ಅಂತ ಪರೀಕ್ಷೆ ಮಾಡಿರುವುದಿಲ್ಲ. ಪರೀಕ್ಷೆ ಆಮೇಲೆ. ಆದರೆ ಕಾಲೇಜುಗಳಿಗೆ ದರ್ಜೆ ಕೊಡುವ ಎನ್.ಐ.ಆರ್.ಎಫ್. ಪ್ರಕಟವಾದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 2021ರಲ್ಲಿ ವಿದ್ಯಾಸಂಸ್ಥೆಗಳಿಗೆ ಶುಲ್ಕದಲ್ಲಿ ನೂರಕ್ಕೆ 80 ರಿಯಾಯಿತಿ ಸಿಕ್ಕಿತು. ದೇಶದಲ್ಲಿ 2022-23ರಲ್ಲಿ 82,811 ಅರ್ಜಿ ಬಿದ್ದವು, 2023-24ರಲ್ಲಿ 92,168. ಆ ಒಂದೇ ವರ್ಷ ಮಂಜೂರಾದವು 1,03,057. ಈ ಗುಡ್ಡೆಯಲ್ಲಿ ಒಳ್ಳೆಯ ಕೆಲಸವೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಳತೆಗೋಲೇ ಗುರಿಯಾದಾಗ ಜನ ಬೆಳೆ ಬೆಳೆಯುವುದನ್ನು ಬಿಟ್ಟು ಕೊಳಗ ತುಂಬಿಸುತ್ತಾರೆ. ಹೊಟ್ಟು ಹಾಕಿದರೂ ಕೊಳಗ ತುಂಬುತ್ತದೆ.

ಹಾಗಾದರೆ ಪೇಟೆಂಟನ್ನೇ ಸುಟ್ಟುಬಿಡೋಣವೇ? ಗೆಳೆಯರಲ್ಲಿ ಕೆಲವರು ಹಾಗನ್ನುತ್ತಾರೆ. ನಾವು ಒಪ್ಪುವುದಿಲ್ಲ. ಬಾವಿಯ ನೀರು ನಮಗೆ ಕೊಡಲಿಲ್ಲ ಅಂತ ಬಾವಿ ಮುಚ್ಚಿದವರಲ್ಲ ನಮ್ಮ ಹಿರಿಯರು. ಮಹಾಡದಲ್ಲಿ 1927ರಲ್ಲಿ ಕೆರೆಗೆ ಇಳಿದು ನೀರು ಮುಟ್ಟಿದರು. ನಮ್ಮ ಮಕ್ಕಳೂ ಪೇಟೆಂಟ್ ತೆಗೆದುಕೊಳ್ಳಲಿ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬಿತ್ತುವ ಕೂರಿಗೆ ಮಾಡಿ ರೈತರ ಕೈಗೆ ಕೊಟ್ಟರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಳ್ಳಿಯ ವರ್ಕ್‌ಶಾಪಿನಲ್ಲೂ ಬುದ್ಧಿ ಇದೆ ಅಂತ ಸರ್ಕಾರ ಒಪ್ಪಲು ಎಷ್ಟು ವರ್ಷ ಕಾಯಿಸಿತು! ಅಥಣಿಯ, ನಿಪ್ಪಾಣಿಯ ಸಮಗಾರರು ಹೊಲಿದ ಕೊಲ್ಲಾಪುರಿ ಚಪ್ಪಲಿಗೆ ಕರ್ನಾಟಕ, ಮಹಾರಾಷ್ಟ್ರ ಎರಡಕ್ಕೂ ಸೇರಿ ಊರಿನ ಗುರುತಿನ ಹಕ್ಕು, ಜಿ.ಐ. ಅನ್ನುವುದು, ಸಿಕ್ಕಿತ್ತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ನಮೂನೆಯ ಚಪ್ಪಲಿಯನ್ನು ತನ್ನ ಪ್ರದರ್ಶನದಲ್ಲಿ ನಡೆಸಿತು. ಗಲಾಟೆಯಾದ ಮೇಲೆ ಮೂಲ ಎಲ್ಲಿಯದು ಅಂತ ಒಪ್ಪಿತು. ಒಪ್ಪಿಸಲು ಕೈಲಿ ಒಂದು ದಾಖಲೆ ಇತ್ತು, ಕೂಗಲು ಜನ ಇದ್ದರು. ಎರಡೂ ಬೇಕು.

ಅರಿಶಿನದ ಕಥೆಯೂ ಇದನ್ನೇ ಹೇಳುತ್ತದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ವಿಜ್ಞಾನ ಸಂಸ್ಥೆ ಸಿ.ಎಸ್.ಐ.ಆರ್. ತಕರಾರು ಮಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಹೇಗೆ? ಅಚ್ಚಾದ ಪುರಾವೆ ತೋರಿಸಿ. 1953ರ ಒಂದು ವೈದ್ಯ ಪತ್ರಿಕೆಯ ಲೇಖನವೂ ಅದರಲ್ಲಿತ್ತು. ಬರೆದಿಟ್ಟದ್ದರಿಂದ ಅರಿಶಿನ ಉಳಿಯಿತು. ನಮ್ಮ ಅವ್ವಂದಿರ ನಾಲಿಗೆಯ ಮೇಲೆ ಮಾತ್ರ ಇರುವುದರ ಗತಿ ಏನು? ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ ಅಂತ ನಮ್ಮ ಕಾನೂನಿನ 3ನೇ ಕಲಮು ಹೇಳುತ್ತದೆ. ಕದಿಯುವವನ ಕೈ ಹಿಡಿಯುವ ಕಲಮು ಅದು. ಆದರೆ ಕದ್ದದ್ದು ಅಂತ ತೋರಿಸಲು ಬರಹ ಬೇಕು.

ಅದಕ್ಕೇ ಹಳ್ಳಿ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ನಮ್ಮ ಕೋರಿಕೆ ಇಷ್ಟು. ಒಂದು ನೋಟ್ ಬುಕ್ ಇಡಿ. ನಿಮ್ಮ ಕೇರಿಯಲ್ಲಿ, ಭಟ್ಟಿಯಲ್ಲಿ, ಹೊಲದಲ್ಲಿ, ಗ್ಯಾರೇಜಿನಲ್ಲಿ ಯಾರು ಏನು ಹೊಸದು ಮಾಡಿಕೊಂಡಿದ್ದಾರೆ ಅಂತ ಕನ್ನಡದಲ್ಲಿ ಬರೆಯಿರಿ. ಮಾಡಿದವರ ಹೆಸರು ಅವರು ಒಪ್ಪಿದರೆ ಮೊದಲ ಸಾಲಿನಲ್ಲಿ ಬರಲಿ, ತಾರೀಖು ಹಾಕಿ. ಇಂಥ ಪತ್ರಿಕೆಯ ಒಂದು ಪುಟದಲ್ಲಿ ಅಚ್ಚಾದರೂ ಸಾಕು, ಆಮೇಲೆ ಬೇರೆಯವರು ಬಂದು ಅದೇ ನನ್ನ ಹೊಸ ಶೋಧನೆ ಅಂದರೆ ಮುಖಕ್ಕೆ ಹಿಡಿಯಲು ಪುರಾವೆಯಾಗುತ್ತದೆ. ಆದರೆ ಅಚ್ಚು ಹಾಕಿಸುವ ಮುಂಚೆ ಅವರನ್ನೇ ಕೇಳಿ. ಒಮ್ಮೆ ಅಚ್ಚಾದರೆ ಅವರಿಗೂ ಪೇಟೆಂಟ್ ಸಿಗುವುದು ಕಷ್ಟ. ಪೇಟೆಂಟ್ ಬೇಕೋ, ಎಲ್ಲರಿಗೂ ಬಿಟ್ಟುಕೊಡಬೇಕೋ ಅಂತ ತೀರ್ಮಾನ ಮಾಡುವ ಹಕ್ಕು ಕಂಡುಹಿಡಿದವರದು, ಇಂಗ್ಲಿಷ್ ಬಲ್ಲ ನಮ್ಮದಲ್ಲ. ಕಾಲೇಜಿನಲ್ಲಿ ಅರ್ಜಿ ಬರೆಯುವ ಗೆಳೆಯರೇ, ಕಾನೂನಿನ 28ನೇ ಕಲಮು ನಿಜವಾದ ಶೋಧಕರ ಹೆಸರು ದಾಖಲಾಗಬೇಕು ಅಂತ ಕೇಳುವ ದಾರಿ ಇಟ್ಟಿದೆ. ಕೇಳಿ. ನಾವೂ ಕೇಳಲು ಹೊರಟಿದ್ದೇವೆ. ತಡವಾಗಿದೆ, ಆದರೂ ಹೊರಟಿದ್ದೇವೆ. ಗೆಳೆಯನ ತಾಯಿಗೆ ಸಹಿ ಬರುವುದಿಲ್ಲ, ಹೆಬ್ಬೆಟ್ಟು ಒತ್ತಿದ್ದಾರೆ.

ಸೂಚ್ಯಂಕ ಮಾಡುವವರಿಗೂ ಒಂದು ಮಾತು. ಪೇಟೆಂಟ್ ಎಣಿಸಿ, ಬೇಡ ಅನ್ನುವುದಿಲ್ಲ. ಜೊತೆಗೆ ಇನ್ನೂ ಮೂರು ಎಣಿಸಿ. ಎಣಿಸಿದ ಪೇಟೆಂಟಿನಲ್ಲಿ ಎಷ್ಟು ಕೆಲಸಕ್ಕೆ ಬಂದಿವೆ? ಕಂಡುಹಿಡಿದವರು ಯಾವ ಊರಿನವರು, ಯಾರ ಮನೆಯವರು? ಮ್ಯಾನ್‌ಹೋಲಿಗೆ ಇಳಿಯುವುದು, ಭಟ್ಟಿಯ ಹೊಗೆ ಕುಡಿಯುವುದು ಈ ವರ್ಷ ಎಷ್ಟು ಜನಕ್ಕೆ ತಪ್ಪಿತು? ಮೂರನೆಯದು ಸೊನ್ನೆಯಾದರೆ ಮೊದಲನೇ ಸ್ಥಾನಕ್ಕೆ ಏನು ಬೆಲೆ?

ಮೊನ್ನೆ ಮತ್ತೆ ಅದೇ ಚಾದಂಗಡಿ ಮುಂದೆ ಅಜ್ಜ ಸಿಕ್ಕಿತ್ತು. ನೋಟ್ ಬುಕ್ಕಿನ ಮೊದಲ ಪುಟ ತೋರಿಸಿದೆವು. ಗಿರಣಿಯಲ್ಲಿ ನೂಲು ಹರಿದಾಗ ಯಂತ್ರ ನಿಲ್ಲಿಸದೆ ಗಂಟು ಹಾಕಲು ತಾನು ಮಾಡಿಕೊಂಡಿದ್ದ ಒಂದು ಕೈಚಳಕವನ್ನು ಅಜ್ಜ ಗಾಳಿಯಲ್ಲೇ ಬೆರಳಾಡಿಸಿ ತೋರಿಸಿತು. ಮೇಷ್ಟ್ರು ಬರೆದುಕೊಂಡರು. ಬೆರಳು ಓಡಿದಷ್ಟು ಬೇಗ ಲೇಖನಿ ಓಡಲಿಲ್ಲ. ‘ಇನ್ನೊಂದ್ಸಲ ತೋರ್ಸಜ್ಜ’ ಅಂದೆವು. ಅಜ್ಜ ನಕ್ಕಿತು, ಮತ್ತೆ ತೋರಿಸಿತು.